ಕಡಲಿನ ಕಿವಿಗೆ ಹತ್ತಿ

ಕಡಲಿಗೆ ಒಂದು ಕಿವಿ ಇದೆ. ಅದನ್ನು ಹಾಕಿಸಿದವರು ನಾವು, ಅದಕ್ಕೆ ಹತ್ತಿ ತುರುಕಿದವರು ಅವರು. ನಾವು ಅಂದರೆ ಪಡುಕೋಡಿಯ ಮೀನುಗಾರರು. ಅವರು ಅಂದರೆ ಕಡಲಗಡಿ ಪ್ರಾಧಿಕಾರದವರು. ಹುಟ್ಟಿದ್ದು ಪಡುಕೋಡಿಯಲ್ಲಿ, ಸಂಬಳಕ್ಕೆ ಕೂತದ್ದು ಪ್ರಾಧಿಕಾರದ ತಣ್ಣಗಿನ ಕೋಣೆಯಲ್ಲಿ, ಹಾಗಾಗಿ ನಾನು ಎರಡೂ ಕಡೆಯವಳು. ನನಗೆ ಬರುವ ಸಿಟ್ಟೂ ಅದಕ್ಕೇ ದುಪ್ಪಟ್ಟು.

ಕಿವಿಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಶಾಲೆಗೆ ಹೋಗುತ್ತಿದ್ದಾಗ ಬಂದ ದೊಡ್ಡ ಚಂಡಮಾರುತದಲ್ಲಿ ಅಪ್ಪಯ್ಯನೂ ಚಿಕ್ಕಪ್ಪನೂ ಹೋಗಿದ್ದ ಬೋಟಿನ ಎಂಜಿನ್ ಕೆಟ್ಟಿತು, ವೈರ್‌ಲೆಸ್ ಸತ್ತಿತು. ಅಂಥ ಹೊತ್ತಿನಲ್ಲಿ ನಮ್ಮವರು ಮಾಡುವ ಕೆಲಸ ಒಂದೇ. ಹುಟ್ಟನ್ನೋ ಕಬ್ಬಿಣದ ಸರಳನ್ನೋ ತೆಗೆದುಕೊಂಡು ಬೋಟಿನ ಹಲಗೆ ಬಡಿಯುತ್ತಾರೆ. ಗಾಳಿಗಿಂತ ನೀರಿನಲ್ಲಿ ಸದ್ದು ದೂರ ಹೋಗುತ್ತದೆ. ಸಂಶಯ ಬಂದ ಇನ್ನೊಂದು ಬೋಟಿನವನು ತನ್ನ ಎಂಜಿನ್ ಆರಿಸಿ, ಹುಟ್ಟನ್ನು ನೀರಿಗೆ ಅದ್ದಿ, ಅದರ ಹಿಡಿಗೆ ಕಿವಿಯಿಟ್ಟು ಕೇಳುತ್ತಾನೆ. ಅಪ್ಪಯ್ಯ ಬಡಿದಿರಲೇಬೇಕು. ಕೇಳುವವರು ಹತ್ತಿರದಲ್ಲಿ ಇರಲಿಲ್ಲ, ಅಷ್ಟೇ. ಇಬ್ಬರೂ ಮರಳಲಿಲ್ಲ.

ಆಮೇಲೆ ಪಡುಕೋಡಿಯ ಹೆಂಗಸರು ಹೆದ್ದಾರಿಯ ಮೇಲೆ ಮೀನಿನ ಬುಟ್ಟಿ ಇಟ್ಟು ಕೂತರು. ಎಲ್ಲರಿಗಿಂತ ಮುಂದೆ ಕೂತವಳು ನನ್ನ ಅಮ್ಮ, ಜ್ಯೋತ್ಸ್ನಾ. ಸರಕಾರ ಮಣಿಯಿತು. ಕರಾವಳಿಯುದ್ದಕ್ಕೂ ಕಡಲ ತಳದಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ಹಾಸಿದರು. ದಡದಿಂದ ಅದರೊಳಕ್ಕೆ ಲೇಸರ್ ಬೆಳಕು ಬಿಡುತ್ತಾರೆ. ನೀರಿನಲ್ಲಿ ಎಲ್ಲೇ ಸದ್ದಾದರೂ ಆ ಎಳೆ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಹಿಂತಿರುಗುವ ಬೆಳಕಿನಲ್ಲಿ ಅದರ ಗುರುತು ಸಿಗುತ್ತದೆ. ಸದ್ದು ಯಾವ ಜಾಗದ್ದು, ಯಾವ ಎಂಜಿನ್ನಿನದು ಎಂದು ಯಂತ್ರ ಲೆಕ್ಕ ಹಾಕಿ ಹೇಳುತ್ತದೆ. ಅದಕ್ಕೇ ಊರವರು ಅದನ್ನು ಕಡಲಕಿವಿ ಅಂದರು.

ಮಳೆಗಾಲದ ನಿಷೇಧದಲ್ಲಿ ಯಾರೂ ಮೀನಿಗೆ ಹೋಗದಿರಲಿ ಅಂತ ನಮ್ಮ ಎಂಜಿನ್‌ಗಳಿಗೆಲ್ಲ ದಡದಿಂದಲೇ ಬೀಗ ಹಾಕುವ ವ್ಯವಸ್ಥೆ ಆಗಲೇ ಬಂದಿತ್ತು. ಅಧಿಕಾರಿಗಳ ಮೇಲೆ ಕಾಸಿನಷ್ಟೂ ನಂಬಿಕೆಯಿಲ್ಲದ ಅಮ್ಮನ ಗುಂಪು ಒಂದು ಷರತ್ತು ಹಾಕಿತ್ತು: ಕಿವಿಗೆ ನಮ್ಮ ಬಡಿತ ಕೇಳಿದ ಕೂಡಲೇ ಕರೆ ನೇರ ಎಲ್ಲ ಬೋಟುಗಳ ರೇಡಿಯೋಗೆ ಹೋಗಬೇಕು, ಎಲ್ಲ ಎಂಜಿನ್‌ಗಳ ಬೀಗ ತಾನಾಗಿ ತೆರೆಯಬೇಕು, ನಡುವೆ ಯಾವ ಸಾಹೇಬನೂ ಕೈ ಹಾಕಬಾರದು. ಕಾನೂನಿನಲ್ಲೇ ಅದನ್ನು ಬರೆಸಿದರು. ನಮ್ಮ ಬಡಿತ ಯಾವುದು ಅಂತ ಯಂತ್ರಕ್ಕೆ ಯಾರೂ ಪಾಠ ಮಾಡಬೇಕಿಲ್ಲ. ನೋಂದಾಯಿಸಿದ ಎಂಜಿನ್ ಇದ್ದ ಜಾಗದಿಂದ ಬರುವ ಬಡಿತವನ್ನೆಲ್ಲ ಅದು ಮತ್ತೆ ಮತ್ತೆ ಕೇಳಿ, ಕೂಸು ಮಾತು ಕಲಿತ ಹಾಗೆ ತಾನೇ ಕಲಿಯುತ್ತದೆ. ಕಲಿತದ್ದರ ಎದುರು 'ನಮ್ಮದು' ಅಂತ ಹಸಿರು ಅಕ್ಷರ ಮೂಡುತ್ತದೆ. ಉಳಿದದ್ದಕ್ಕೆಲ್ಲ ಬೂದು ಬಣ್ಣದ ಒಂದೇ ಹೆಸರು: 'ಗದ್ದಲ'.

ಎಷ್ಟೋ ಜೀವ ಉಳಿಯಿತು. ನಾನು ಎಂಜಿನಿಯರಿಂಗ್ ಓದಿ ಅದೇ ಕಿವಿಯ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗ ಅಮ್ಮ ಊರಿಗೆಲ್ಲ ಬೂಂದಿ ಹಂಚಿದ್ದಳು.

ಆಮೇಲೆ ದಕ್ಷಿಣದ ದ್ವೀಪಗಳು ಮುಳುಗಿದವು.

ಒಂದೇ ದಿನ ಮುಳುಗಲಿಲ್ಲ. ಮೊದಲು ಬಾವಿಗೆ ಉಪ್ಪು ನುಗ್ಗಿತು, ಆಮೇಲೆ ತೆಂಗು ಒಣಗಿತು, ಆಮೇಲೆ ಗೋರಿಗಳ ಮೇಲೆ ಅಲೆ ಬಂತು. ಜನ ಸಿಕ್ಕಿದ ದೋಣಿ ಹತ್ತಿ ಹೊರಟರು. ಅವರ ಹಿಂದೆಯೇ ನಮ್ಮ ಕೇಂದ್ರಕ್ಕೆ ಪ್ರಾಧಿಕಾರ ಬಂತು. ಬೋರ್ಡು ಬದಲಾಯಿತು, ಕುರ್ಚಿ ಬದಲಾಯಿತು, ಗೇಟಿಗೆ ಬಂದೂಕಿನವರು ಬಂದರು. ನೆಲ ಮುಟ್ಟಿದವರ ಮಾತು ಕೇಳದೆ ಅಟ್ಟಬಾರದು ಎಂದು ನ್ಯಾಯಾಲಯ ಹೇಳಿತ್ತು. ಸರಿ, ಹಾಗಾದರೆ ನೆಲ ಮುಟ್ಟಲೇ ಬಿಡುವುದಿಲ್ಲ ಎಂದಿತು ಪ್ರಾಧಿಕಾರ. ಹೊರಗಿನವರನ್ನು ಸಾಗಿಸಿದ ಬೋಟು ಜಪ್ತಿ, ಸಾಗಿಸಿದವನಿಗೆ ಜೈಲು. ಹೊರಗಿನ ದೋಣಿಯ ಕಡೆಗೆ ನಮ್ಮ ಯಾವ ಎಂಜಿನ್ ತಿರುಗಿದರೂ ಅದಕ್ಕೆ ಬೀಗ. ನಮ್ಮನ್ನು ಉಳಿಸಲು ನಾವು ಹಾಕಿಸಿಕೊಂಡ ಕಿವಿ, ನಾವು ಯಾರನ್ನೂ ಉಳಿಸದಂತೆ ಕಾಯುವ ಕಾವಲುಗಾರನಾಯಿತು. ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಂತಾಗುತ್ತದೆ.

ಆ ದಿನ ಬೆಳಿಗ್ಗೆ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಕೇಳಿತು. ಟಣ್ ಟಣ್, ಸ್ವಲ್ಪ ನಿಂತು, ಟಣ್. ಮತ್ತೆ ಟಣ್ ಟಣ್, ಟಣ್. ಮರದ ಸದ್ದಲ್ಲ. ಯಾರೋ ಪಾತ್ರೆಯ ಮುಚ್ಚಳವನ್ನು ದೋಣಿಯ ಬದಿಗೆ ಬಡಿಯುತ್ತಿದ್ದರು. ಎಂಜಿನ್ನಿನ ಸದ್ದಿಲ್ಲ. ಪರದೆಯ ಮೇಲೆ ಬೂದು ಚುಕ್ಕಿ, ಅದರ ಪಕ್ಕದಲ್ಲಿ 'ಗದ್ದಲ'.

ನಮ್ಮ ಮುಖ್ಯಾಧಿಕಾರಿ ಕುಲಗೋಡ. ಬೆಳಗಾವಿ ಕಡೆಯವರು. ಕೆಟ್ಟ ಮಾತು ಆಡಿದವರಲ್ಲ, ದನಿ ಎತ್ತಿದವರಲ್ಲ, ಚಹಾ ಕುಡಿಯುವಾಗ ಎಲ್ಲರಿಗೂ ತರಿಸುವವರು. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ. ನಾನು ಕಲಿತುಕೊಂಡೆ.

"ಸರ್, ಇದು ಬಡಿತ. ದೋಣಿಯಲ್ಲಿ ಜನ ಇದ್ದಾರೆ" ಅಂದೆ.

ಅವರು ಬಗ್ಗಿ ಪರದೆ ನೋಡಿದರು. "ಮಷೀನು ಏನಂತೈತಿ, ಅದನ್ನ ಕೇಳ್ರಿ ಧೃತಿ."

"ಗದ್ದಲ ಅನ್ನುತ್ತೆ. ಆದರೆ ನನಗೆ ಕೇಳ್ತಿದೆಯಲ್ಲ!"

"ನಿಮಗ ಕೇಳೂದಕ್ಕ ಕಾನೂನಿನಾಗ ಕಾಲಂ ಇಲ್ಲರಿ. ಮಷೀನಿಗೆ ಕೇಳಿದ್ದಕ್ಕ ಐತಿ." ನನ್ನ ಭುಜ ತಟ್ಟಿ ಹೋದರು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಕೇಂದ್ರದಿಂದ ಮನೆ ಸೈಕಲ್ ದಾರಿ. ಮನೆ ಅಂದರೆ ಈಗಿನ ಮನೆ. ಹಳೆಯದು ಇದ್ದ ಜಾಗದಲ್ಲಿ ಈಗ ಬಲೆ ಬೀಸಬಹುದು. ಇಳಿತದ ಹೊತ್ತಿನಲ್ಲಿ ನಮ್ಮ ಶಾಲೆಯ ಮಾಡು ನೀರಿನಿಂದ ತಲೆಯೆತ್ತುತ್ತದೆ. ಅಮ್ಮ ಬಂಗುಡೆ ಸಾರು ಬಡಿಸಿ ಎದುರು ಕೂತಳು. ಚಿಕ್ಕಪ್ಪನ ಮಗ ಸುಹಾಸನೂ ಊಟಕ್ಕೆ ಬಂದಿದ್ದ. ಅವನಿಗೆ ಸ್ವಂತ ಬೋಟಿದೆ, ಸ್ವಂತ ಅಭಿಪ್ರಾಯಗಳೂ ಇವೆ.

"ಇವತ್ತೂ ಬಡಿತ ಕೇಂತಾ?" ಅಂತ ಅಮ್ಮ ಕೇಳಿದಳು.

ಹೊರಗೆ ಹೇಳಬಾರದು ಅಂತ ಕೇಂದ್ರದಲ್ಲಿ ಪ್ರಮಾಣ ಮಾಡಿಸಿದ್ದರು. ನಾನು ತಲೆ ಎತ್ತದೆ ಅನ್ನ ಕಲಸಿದೆ. ಅಮ್ಮನಿಗೆ ಅಷ್ಟು ಸಾಕು.

"ನಮ್ಗೇ ಕಾಲ್ ಚಾಚೂಕೆ ಜಾಗ ಇಲ್ಲೆ ದೊಡ್ಡಮ್ಮ" ಅಂದ ಸುಹಾಸ. "ಎರಡ್ ಸಲ ಮನಿ ಹಿಂದೆ ಕಟ್ಟಾಯ್ತ್. ಸರಕಾರ ಒಂದ್ ಶೀಟ್ ಕೊಡ್ಲಿಲ್ಲ. ಇವ್ರೆಲ್ಲ ಬಂದ್ರೆ ಎಲ್ಲಿ ಇಡೂದ್? ನಿಮ್ಮ ಜಗಲಿ ಮೇಲಾ?"

"ಜಗಲಿ ಮೇಲೇ ಇಡ್ತೆ. ನಿನ್ ಗಂಟೆಂತ ಹೋತ್?"

"ರಿತೇಶಣ್ಣ ಹಾಂಗೇ ಅಂದ್ಕಂಡ್ ಹೋದ. ಈಗೆಲ್ಲಿದ್ದ?"

ಅಮ್ಮ ಸೌಟನ್ನು ಪಾತ್ರೆಗೆ ಜೋರಾಗಿ ಇಟ್ಟು ಒಳಗೆ ಹೋದಳು. ರಿತೇಶ ನನ್ನ ಅಣ್ಣ. ಎಂಜಿನ್‌ಗಳಿಗೆ ಈ ಹೊಸ ಬೀಗ ಬರುವ ಮೊದಲು, ಹೋದ ವರ್ಷ, ಒಡೆದ ದೋಣಿಯಿಂದ ದ್ವೀಪದವರನ್ನು ತನ್ನ ಬೋಟಿಗೆ ಹತ್ತಿಸಿಕೊಂಡ. ಸದ್ದಿಲ್ಲದೆ, ಹೊಳೆ ಕಡಲು ಸೇರುವ ಅಳಿವೆಯೊಳಗೆ ಬಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕಡಲಿನಿಂದ ಜೀವ ಉಳಿದು ಬಂದವರು ಅಳಿವೆಯ ಬಾಯಲ್ಲಿ ಬೊಬ್ಬರ್ಯನ ಗುಡಿಯೆದುರು ಬೋಟು ನಿಧಾನ ಮಾಡಿ ಹಾರ್ನ್ ಹಾಕಲೇಬೇಕು. ಅದು ನಮ್ಮಲ್ಲಿ ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಬೊಬ್ಬರ್ಯ ಕಡಲಿನಲ್ಲೇ ಸತ್ತು ದೈವವಾದವನು, ಅವನ ಅಪ್ಪ ಹಡಗಿನಲ್ಲಿ ಬಂದ ಮುಸ್ಲಿಂ ವ್ಯಾಪಾರಿ, ಬ್ಯಾರಿ ಎನ್ನುತ್ತಾರೆ. ಉಳಿದ ಜೀವದ ಲೆಕ್ಕ ಅವನಿಗೆ ಮೊದಲು ಒಪ್ಪಿಸಬೇಕು. ನನ್ನ ಪೆದ್ದು ಅಣ್ಣ ಬೋಟಿನ ತುಂಬ ಕಾನೂನುಬಾಹಿರ ಜನರನ್ನು ಇಟ್ಟುಕೊಂಡು ಮನಸಾರೆ ಹಾರ್ನ್ ಹಾಕಿದ. ಬೋಟು ಜೆಟ್ಟಿ ಮುಟ್ಟುವಷ್ಟರಲ್ಲಿ, ಹಾರ್ನ್ ಕೇಳಿ ಬಂದ ಪ್ರಾಧಿಕಾರದ ಜೀಪು ಅಲ್ಲಿ ನಿಂತಿತ್ತು. ಮಾನವ ಸಾಗಾಟದ ಕೇಸು. ಬೋಟು ಜೆಟ್ಟಿಯಲ್ಲಿ ಕೊಳೆಯುತ್ತಿದೆ, ಅವನು ಜೈಲಿನಲ್ಲಿ.

ಊಟ ಮುಗಿಸಿ ಕೇಂದ್ರಕ್ಕೆ ಮರಳಿದಾಗ ಪಡುಗಾಳಿ ಎದ್ದಿತ್ತು. ಬೂದು ಚುಕ್ಕಿ ದಡದ ಕಡೆ ತೇಲಿ ಬಂದು, ಪಡುಕೋಡಿಯ ಎದುರಿಗೇ ನಿಂತಿತ್ತು. ಬಡಿತ ಇನ್ನೂ ಇತ್ತು, ಆದರೆ ಸೋತಿತ್ತು. ಟಣ್ ಟಣ್. ತುಂಬ ಹೊತ್ತು ಬಿಟ್ಟು, ಟಣ್.

ಕುಲಗೋಡ ನನ್ನ ಹಿಂದೆ ಬಂದು ನಿಂತರು. "ಟಗ್ ಹೊಂಟೈತಿ. ಸಂಜೀಕ ಬರ್ತೈತಿ. ನೀವು ಸರ್ಟಿಫೈ ಮಾಡಿಬಿಡ್ರಿ."

ಟಗ್ ಅಂದರೆ ಆಳಿಲ್ಲದ ಎಳೆಯುವ ದೋಣಿ. ಒಡೆದ ದೋಣಿಗೆ ಕೊಕ್ಕೆ ಹಾಕಿ ಗಡಿಯಾಚೆ ಎಳೆದು ಬಿಟ್ಟು ಬರುತ್ತದೆ. ಜೀವ ಇರುವ ದೋಣಿಯನ್ನು ಅದು ಎಳೆಯುವ ಹಾಗಿಲ್ಲ, ಹಾಗೆ ನಿಯಮವಿದೆ. ಅದಕ್ಕೇ ಎಳೆಯುವ ಮೊದಲು ಒಬ್ಬ ಎಂಜಿನಿಯರ್ 'ಜೀವದ ಸದ್ದಿಲ್ಲ' ಎನ್ನುವ ಗುಂಡಿ ಒತ್ತಬೇಕು. ನಿಯಮ ಎಷ್ಟು ಚೆಂದ ನೋಡಿ! ಕೊಲ್ಲುವ ಮೊದಲು ಸತ್ತಿದ್ದಾರೆ ಅಂತ ಬರೆದುಕೊಡಬೇಕು.

ನಾನು ಹೆಡ್‌ಫೋನ್ ಕಿತ್ತು, ಸದ್ದನ್ನು ಕೋಣೆಯ ಸ್ಪೀಕರಿಗೆ ಹಾಕಿದೆ. ಟಣ್ ಟಣ್. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿತು. ಎಲ್ಲರೂ ತಲೆತಗ್ಗಿಸಿ ಕೀಲಿಮಣೆ ನೋಡಿದರು.

"ಇದು ಸತ್ತವರ ಸದ್ದಾ ಸರ್?"

"ಬಂದ್ ಮಾಡ್ರಿ ಅದನ್ನ."

"ಇದರೊಳಗೆ ನಿಮ್ಮ ಮಗಳಿದ್ದರೆ?"

ಅವರ ಮುಖ ಒಂದು ಗಳಿಗೆ ಬಿಳುಚಿಕೊಂಡಿತು. ಆಮೇಲೆ ಎಂದಿನ ಮೆದುವಾದ ದನಿಯಲ್ಲೇ, "ನಿಮ್ಮಣ್ಣಂದು ಜಾಮೀನು ಅರ್ಜಿ ಈ ವಾರ ಬರ್ತೈತಲ್ಲ? ನಮ್ಮ ಇಲಾಖೆ ಅಭಿಪ್ರಾಯ ಕೇಳ್ತಾರ. ವಿಚಾರ ಮಾಡ್ರಿ" ಅಂದರು.

ಅಣ್ಣನ ಮುಖ ನೆನಪಾಯಿತು. ಹೋದ ಸಲ ಹೋದಾಗ ಕೆಮ್ಮುತ್ತಿದ್ದ. ಗುಂಡಿ ನನ್ನ ಬೆರಳಿನ ಪಕ್ಕದಲ್ಲೇ ಇತ್ತು. ಒತ್ತಿದ್ದರೆ ಅವನು ಹೊರಗೆ ಬರಬಹುದಿತ್ತು, ನನ್ನ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ.

"ನನ್ನ ಕೈಯಲ್ಲಿ ಆಗುವುದಿಲ್ಲ" ಅಂದೆ.

ಕುಲಗೋಡ ನಿಟ್ಟುಸಿರು ಬಿಟ್ಟು ತಾವೇ ಬಗ್ಗಿ ಗುಂಡಿ ಒತ್ತಿದರು. ಸ್ಪೀಕರಿನಲ್ಲಿ ಇನ್ನೂ ಬಡಿತ ಕೇಳುತ್ತಿತ್ತು. ಪರದೆಯ ಮೇಲೆ 'ಖಾಲಿ ದೋಣಿ' ಅಂತ ಮೂಡಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ.

ಮನೆಯೆದುರಿನ ದಡದಲ್ಲಿ ಊರವರು ಆಗಲೇ ನಿಂತಿದ್ದರು. ದೋಣಿ ಬರಿಗಣ್ಣಿಗೆ ಕಾಣುತ್ತಿತ್ತು. ಒಂದು ಬದಿಗೆ ವಾಲಿ, ಅರ್ಧ ನೀರು ತುಂಬಿದ ಉದ್ದನೆಯ ದೋಣಿ, ಅಂಚಿಗೆ ಅಂಟಿಕೊಂಡ ಜನ. ನಾನು ಏದುಸಿರು ಬಿಡುತ್ತಾ ಪ್ರಮಾಣ ಗಿಮಾಣ ಎಲ್ಲ ಮರೆತು ನಡೆದದ್ದನ್ನು ಕೂಗಿ ಹೇಳಿದೆ. ಟಗ್ ಬರುತ್ತದೆ, ಖಾಲಿ ಅಂತ ಒತ್ತಿದ್ದಾರೆ, ಸಂಜೆಯೊಳಗೆ ಇವರನ್ನು ಎಳೆದುಕೊಂಡು ಹೋಗುತ್ತಾರೆ.

ಒಬ್ಬಿಬ್ಬರು ಜೆಟ್ಟಿಗೆ ಓಡಿ ಬೋಟು ಸ್ಟಾರ್ಟ್ ಮಾಡಿದರು. ಮೂತಿ ಪಡುವಣಕ್ಕೆ ತಿರುಗಿದ್ದೇ ತಡ, ಎಂಜಿನ್ ಕೆಮ್ಮಿ ನಿಂತುಹೋಯಿತು. ಇನ್ನೊಂದೂ ಹಾಗೆಯೇ. ಕಿವಿ ಕೇಳಿಸಿಕೊಂಡಿತ್ತು.

"ಎಂಜಿನ್ನಿನ ಸದ್ದಲ್ದಾ ಅದ್ಕೆ ಬೇಕಾದ್ದ್?" ಅಂದಳು ಅಮ್ಮ. "ರಂಪಣಿ ದೋಣಿ ಎಳೀರಿ."

ಕೈರಂಪಣಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಊರಿಗೆಲ್ಲ ಒಂದೇ ಬಲೆ, ದಡದುದ್ದಕ್ಕೂ ಚಾಚುವಷ್ಟು ದೊಡ್ಡದು. ಹುಟ್ಟು ಹಾಕುವ ದೋಣಿಯಲ್ಲಿ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಊರಿಗೆ ಊರೇ ಎಳೆಯುತ್ತದೆ. ಬಲೆಗೂ ದೋಣಿಗೂ ಒಂದೊಂದು ಪಾಲು, ಉಳಿದದ್ದು ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಸಮಪಾಲು. ಯಾವ ಜಾತಿ, ಯಾವ ಊರು, ದಾರಿಹೋಕನಾ ಅಂತ ಕೇಳುವ ಕ್ರಮವೇ ಇಲ್ಲ. ಕೈ ಹಚ್ಚಿದರೆ ಪಾಲು.

ದೋಣಿಯನ್ನು ನೀರಿಗೆ ದೂಡುವಾಗ ಹುಟ್ಟಿಗೆ ಕೂತವರಿಗೆ ಅಮ್ಮ ಕೂಗಿದಳು, "ಅವ್ರನ್ನ ದೋಣಿಗೆ ಹತ್ಸೂಕಾಗ! ಹತ್ಸಿರೆ ಜೈಲ್. ಬಲಿ ಸುತ್ತ ಬಿಟ್ಟ್ ಬನ್ನಿ. ಬಲಿಯೊಳ್ಗೆ ಬಂದದ್ದ್ ಕಡಲ್ ಕೊಟ್ಟದ್ದ್, ಅದ್ಕೆ ಯಾವ ಕೇಸೂ ಇಲ್ಲೆ."

ಹುಟ್ಟಿನ ಸದ್ದು ಅಲೆಗಳ ಸದ್ದಿನಲ್ಲಿ ಮುಚ್ಚಿಹೋಯಿತು. ಕೇಂದ್ರದ ಪರದೆಯ ಮೇಲೆ ಏನೂ ಮೂಡಿರಲಿಕ್ಕಿಲ್ಲ. ನಮ್ಮವರು ಒಡೆದ ದೋಣಿಯನ್ನು ಬಳಸಿ ಬಲೆ ಬಿಡುತ್ತಾ ಬಂದರು. ಮೇಲಿನ ಹಗ್ಗದ ತೇಲುಬುರುಡೆಗಳನ್ನು ಹಿಡಿದುಕೊಳ್ಳಿ ಎಂದು ಕೈಸನ್ನೆ ಮಾಡಿದರು. ಒಬ್ಬಳು ಹೆಂಗಸು ಕೂಸನ್ನು ಎತ್ತಿ ನಮ್ಮ ದೋಣಿಯ ಕಡೆ ಚಾಚಿದಳು. ಹುಟ್ಟು ಹಾಕುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಜೈಲಾದರೆ ಆಗಲಿ ಅಂತ ಅದನ್ನು ಎತ್ತಿಕೊಂಡೇಬಿಟ್ಟರು.

ಎರಡೂ ತುದಿಯ ಹಗ್ಗ ದಡಕ್ಕೆ ಬಂತು. ಊರು ಎಳೆಯಲು ನಿಂತಿತು. ಮೀನು ಕೊಯ್ಯುತ್ತಿದ್ದವರು ಕತ್ತಿ ಬಿಟ್ಟು ಬಂದರು, ಬಸ್ಸಿಗೆ ಕಾಯುತ್ತಿದ್ದವರು ಬ್ಯಾಗು ಮರಳ ಮೇಲಿಟ್ಟು ಬಂದರು. ನಾನು ಅಮ್ಮನ ಹಿಂದೆ ಹಗ್ಗ ಹಿಡಿದೆ. ಕೀಲಿಮಣೆ ಒತ್ತಿದ ಕೈ, ಸ್ವಲ್ಪ ಹೊತ್ತಿಗೇ ಚರ್ಮ ಸುಲಿಯಿತು. ಸುಹಾಸ ಮಾತ್ರ ಕೈಕಟ್ಟಿಕೊಂಡು ತೆಂಗಿನ ಮರಕ್ಕೆ ಒರಗಿ ನಿಂತಿದ್ದ.

ಅಲೆ ಒಡೆಯುವ ಜಾಗಕ್ಕೆ ಬಂದಾಗ ಆ ದೋಣಿ ಮಗುಚಿತು. ಜನ ಚೆಲ್ಲಾಪಿಲ್ಲಿಯಾದರು. ಕೆಲವರು ಬಲೆಯ ಹಗ್ಗಕ್ಕೆ ಜೋತುಬಿದ್ದರು, ಕೆಲವರು ಬಲೆಯೊಳಗೇ ಉರುಳಿದರು. ಬಲೆ ಭಾರವಾಯಿತು. ನಮ್ಮ ಕಾಲು ಮರಳಿನಲ್ಲಿ ಹೂತುಕೊಂಡು ಹಗ್ಗ ಹಿಂದಕ್ಕೆ ಜಾರತೊಡಗಿತು. ಅಮ್ಮ ಬಿದ್ದಳು, ಎದ್ದಳು, ಮತ್ತೆ ಹಿಡಿದಳು. "ಸುಹಾಸಾ, ನಿನ್ನ ಅಪ್ಪ ಸತ್ತದ್ದೂ ಹೀಂಗೇ ಅಲ್ದನಾ!" ಅಂತ ಕಿರುಚಿದಳು.

ಅವನು ಬೈದುಕೊಳ್ಳುತ್ತಲೇ ಓಡಿ ಬಂದ. ದ್ವೀಪದವರನ್ನು ಬೈದ, ಸರಕಾರವನ್ನು ಬೈದ, ಅಮ್ಮನನ್ನೂ ಬೈದ, ಬೈಯುತ್ತಲೇ ಹಗ್ಗಕ್ಕೆ ಹೆಗಲು ಕೊಟ್ಟ. ಬಲೆ ಮತ್ತೆ ದಡದ ಕಡೆ ಬಂತು. ಆಗ ನಾನೊಂದನ್ನು ಕಂಡೆ. ಸೊಂಟದ ನೀರಿಗೆ ಬಂದ ಹೆಂಗಸೊಬ್ಬಳು ದಡಕ್ಕೆ ಓಡಲಿಲ್ಲ. ಅವಳ ಸೊಂಟಕ್ಕೆ ಅಲ್ಯೂಮಿನಿಯಂ ಮುಚ್ಚಳವೊಂದು ಕಟ್ಟಿತ್ತು. ಅವಳು ತಿರುಗಿ ನಿಂತು, ಹಗ್ಗ ಹಿಡಿದು, ನಮ್ಮ ಜೊತೆ ಎಳೆಯತೊಡಗಿದಳು. ಅವಳನ್ನು ನೋಡಿ ನಿಲ್ಲಲು ಶಕ್ತಿಯಿದ್ದ ಉಳಿದವರೂ ಕೈ ಹಚ್ಚಿದರು.

ಎಲ್ಲರೂ ಬದುಕಲಿಲ್ಲ. ಒಬ್ಬ ಮುದುಕ, ಒಬ್ಬಳು ಎಳೆ ಹುಡುಗಿ ಬಲೆಯೊಳಗೆ ತಣ್ಣಗಾಗಿ ಬಂದರು. ಬೆಳಿಗ್ಗೆ ಬಡಿತ ಕೇಳಿದಾಗಲೇ ಹೋಗಿದ್ದರೆ ಅವರೂ ಇರುತ್ತಿದ್ದರು. ಇದನ್ನು ನಾನು ಸಾಯುವವರೆಗೆ ಕ್ಷಮಿಸುವುದಿಲ್ಲ, ನನ್ನನ್ನೂ ಸೇರಿಸಿ ಯಾರನ್ನೂ.

ಜೀಪುಗಳು ಬಂದವು. ಕುಲಗೋಡ ಮರಳಿನಲ್ಲಿ ಬೂಟು ಹೂತುಕೊಳ್ಳುತ್ತಾ ಬಂದು ಕೇಳಿದರು, "ಈ ಬಲೆ ಯಾರದು?"

"ನಮ್ದ್" ಅಂದಿತು ಊರು.

"ಮಾಲೀಕರು ಯಾರು ಅಂತ ಕೇಳಾಕತ್ತೀನಿ."

"ರಂಪಣಿಗೆ ಮಾಲೀಕ್ರ್ ಇಲ್ಲೆ ಸಾಯ್ಬ್ರೆ" ಅಂದಳು ಅಮ್ಮ. "ಕೈ ಹಚ್ಚಿದವ್ರೆಲ್ಲ ಮಾಲೀಕ್ರೇ."

"ಹಂಗಾದ್ರ ಹಗ್ಗ ಹಿಡದವ್ರನ್ನೆಲ್ಲ ಒಳಗ ಹಾಕ್ತೀನಿ!" ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಗ್ಗ ಇನ್ನೂ ಎಲ್ಲರ ಕೈಯಲ್ಲೇ ಇತ್ತು. ಒಬ್ಬರೂ ಬಿಡಲಿಲ್ಲ. ಸುಹಾಸನಂತೂ ಅದನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡ. ಬಂದೂಕಿನವರು ಜನರನ್ನು ನೋಡಿದರು, ತಮ್ಮ ಜೀಪುಗಳನ್ನು ನೋಡಿದರು.

ಅಮ್ಮ ಅವರ ಕಡೆ ಬೆನ್ನು ಹಾಕಿ ಬಲೆ ಬಿಡಿಸಲು ಕೂತಳು. ಜನರ ಜೊತೆ ಒಂದಷ್ಟು ಮೀನೂ ಬಂದಿತ್ತು, ಬೂತಾಯಿ, ಬಂಗುಡೆ, ಹೆಚ್ಚೇನಿಲ್ಲ. ಅವಳು ಮರಳ ಮೇಲೆ ಪಾಲು ಹಾಕತೊಡಗಿದಳು. ಪ್ರತಿ ಕೈಗೆ ಒಂದೊಂದು ಚಿಕ್ಕ ರಾಶಿ. ಊರವರದ್ದು ಮುಗಿದ ಮೇಲೂ ನಿಲ್ಲಿಸಲಿಲ್ಲ. ಒದ್ದೆಯಾಗಿ ನಡುಗುತ್ತಾ ಕೂತಿದ್ದ ದ್ವೀಪದವರ ಎದುರೂ ಒಂದೊಂದು ರಾಶಿ ಇಟ್ಟುಕೊಂಡು ಹೋದಳು. ಸತ್ತ ಇಬ್ಬರ ಪಕ್ಕದಲ್ಲೂ ಇಟ್ಟಳು.

"ಇದೇನ್ ಮಾಡಾಕತ್ತೀರಿ?" ಅಂದರು ಕುಲಗೋಡ.

"ಪಾಲ್ ಹಾಕ್ತಿದ್ದೆ. ಅವ್ರೂ ಹಗ್ಗ ಎಳ್ದಿದ್ರ್. ಅವ್ರ್ ನೆಲ ಮುಟ್ಟಾಯ್ತ್, ಪಾಲೂ ತಕಂಡಾಯ್ತ್. ಇನ್ನ್ ನಿಮ್ಮ ಕೋರ್ಟಿಗೆ ಕರ್ಕಂಡ್ ಹೋಯಿ, ಅವ್ರ ಮಾತ್ ಕೇಣಿ."

ಹಾಗೆಯೇ ಆಯಿತು. ನೆಲ ಮುಟ್ಟಿದವರನ್ನು ಅಟ್ಟಲು ಅವರಿಗೆ ದಾರಿಯಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಹಳೆಯ ಐಸ್ ಪ್ಲಾಂಟಿನಲ್ಲಿ ಇಟ್ಟರು. ಊರನ್ನೆಲ್ಲ ಹಿಡಿದುಕೊಂಡು ಹೋಗಲಾಗದ್ದರಿಂದ ಸಾಕ್ಷ್ಯ ಅಂತ ಹೇಳಿ ರಂಪಣಿ ಬಲೆಯನ್ನೂ ದೋಣಿಯನ್ನೂ ಹಿಡಿದುಕೊಂಡು ಹೋದರು. ಅಜ್ಜಂದಿರ ಕಾಲದ ಬಲೆ, ತಲೆಮಾರುಗಳಿಂದ ತೇಪೆ ಹಾಕಿ ಉಳಿಸಿಕೊಂಡದ್ದು, ಲಾರಿಯಲ್ಲಿ ಕಸದ ಹಾಗೆ ತುಂಬಿದರು. ನನ್ನ ಕೆಲಸ ಹೋಯಿತು. ಅಣ್ಣನಿಗೆ ಜಾಮೀನು ಸಿಗಲಿಲ್ಲ. ಅಮ್ಮ ಜೈಲಿಗೆ ಹೋಗಿ ವಿಷಯ ಹೇಳಿದಾಗ ಅವನು ನಕ್ಕನಂತೆ, ಆಮೇಲೆ ಗೋಡೆಯ ಕಡೆ ತಿರುಗಿಕೊಂಡನಂತೆ.

ಇನ್ನೊಂದು ದೋಣಿ ಬಂದರೆ? ಬಲೆಯಿಲ್ಲ, ಎಂಜಿನ್ನಿಗೆ ಬೀಗ. ದಡದಲ್ಲಿ ನಿಂತು ನೋಡಬೇಕು.

ಅಮ್ಮ ದಿನಾ ಐಸ್ ಪ್ಲಾಂಟಿಗೆ ಗಂಜಿ ಒಯ್ಯುತ್ತಿದ್ದಳು. ಮುಚ್ಚಳದ ಹೆಂಗಸಿನ ಹೆಸರು ಹವ್ವಾ. ಕೂಸು ಅವಳದ್ದೇ. ಸತ್ತ ಮುದುಕ ಅವಳ ಅಪ್ಪ. ಒಂದು ದಿನ ನಾನೂ ಹೋದೆ. ಕೂಸು ನನ್ನ ಅಮ್ಮನ ತೊಡೆಯ ಮೇಲೆ ಮಲಗಿತ್ತು. ಹವ್ವಾ ಗಂಜಿ ಪಾತ್ರೆಯ ಮುಚ್ಚಳವನ್ನು ಚಮಚದಿಂದ ಬಡಿದು ಅದನ್ನು ಆಡಿಸುತ್ತಿದ್ದಳು. ಟಣ್ ಟಣ್, ಟಣ್. ಅವರ ದ್ವೀಪಗಳಲ್ಲೆಲ್ಲ ಮೀನಿಗೆ ಹೋದವರನ್ನು ಮನೆಗೆ ಕರೆಯುವುದು ಹಾಗೆಯಂತೆ.

ನನ್ನ ತಲೆಯೊಳಗೆ ಏನೋ ಸರಿದು ಕೂತಿತು. ನೋಂದಾಯಿಸಿದ ಎಂಜಿನ್ ಇದ್ದ ಜಾಗದಿಂದ ಬರುವ ಬಡಿತವನ್ನೆಲ್ಲ ಕಿವಿ ನಮ್ಮದೆಂದು ಕಲಿಯುತ್ತದೆ. ಕಲಿಯಬೇಡ ಅನ್ನಲು ಕುಲಗೋಡರಿಗೂ ಅಧಿಕಾರವಿಲ್ಲ. ಅದಕ್ಕೆ ಯಾರೂ ಕೈ ಹಾಕದ ಹಾಗೆ ಮಾಡಿದವಳು ನನ್ನ ಅಮ್ಮ.

ಸಂಜೆ ಮೀನು ಹರಾಜಿನ ಕಟ್ಟೆಯ ಮೇಲೆ ನಿಂತು ಊರವರಿಗೆ ಹೇಳಿದೆ. ಎಲ್ಲಿಗೇ ಮೀನಿಗೆ ಹೋದರೂ ಎಂಜಿನ್ ಆರಿಸಿ, ಬೋಟಿನ ಬದಿಗೆ ಮುಚ್ಚಳ ಬಡಿಯಿರಿ, ಹೀಗೆ. ಬಡಿದು ತೋರಿಸಿದೆ.

"ನಮ್ ಮುಚ್ಲ ನಾವ್ ಬಡಿದ್ರೆ ಅದ್ಕೆಂತ ಕೇಸ್?" ಅಂತ ಕೇಳಿದವನು ಸುಹಾಸ.

"ಯಾವ ಕೇಸೂ ಇಲ್ಲ."

"ಹಾಂಗಾರೆ ಇಲ್ಲ್ ಕೊಡ್" ಅಂತ ನನ್ನ ಕೈಯಿಂದ ಮುಚ್ಚಳ ಕಿತ್ತುಕೊಂಡ.

ಅಂದಿನಿಂದ ಪಡುಕೋಡಿಯ ಅಡುಗೆಮನೆಗಳಲ್ಲಿ ಮುಚ್ಚಳವಿಲ್ಲದ ಪಾತ್ರೆಗಳೇ. ಪಕ್ಕದ ಊರಿನವರೂ ಸೇರಿಕೊಂಡರು. ಕಡಲ ಮೇಲೆ ಎಲ್ಲಿ ನೋಡಿದರೂ ಟಣ್ ಟಣ್, ಟಣ್. ಯಂತ್ರ ಕಲಿಯಿತೋ ಇಲ್ಲವೋ ತಿಳಿಯಲು ನನಗೆ ದಾರಿಯಿರಲಿಲ್ಲ. ಅಮ್ಮನ ಜೊತೆ ಮೀನು ಕೊಯ್ಯುತ್ತಾ ಕಾದೆ.

ಬೊಬ್ಬರ್ಯನಿಗೆ ಹರಕೆ ಒಪ್ಪಿಸುವ ದಿನ ಬಂತು. ಅಂದು ಒಬ್ಬರೂ ಕಡಲಿಗೆ ಇಳಿಯುವುದಿಲ್ಲ. ಬೋಟುಗಳೆಲ್ಲ ಜೆಟ್ಟಿಯಲ್ಲಿ ಒತ್ತಾಗಿ ನಿಂತಿದ್ದವು. ಊರು ಗುಡಿಯೆದುರು ನೆರೆದಿತ್ತು. ಬಿಸಿಲೇರುವ ಹೊತ್ತಿಗೆ ಎಲ್ಲ ಬೋಟುಗಳ ರೇಡಿಯೋಗಳೂ ಒಟ್ಟಿಗೆ ಕೂಗಿದವು.

"ಕರೆ. ಕರೆ. ನಮ್ಮ ದೋಣಿಗಳು ಅಪಾಯದಲ್ಲಿವೆ."

ಹರಕೆಯ ತಟ್ಟೆ ಹಿಡಿದವರು ಹಾಗೆಯೇ ನಿಂತರು. ನಮ್ಮ ಒಂದು ದೋಣಿಯೂ ಹೊರಗಿಲ್ಲ, ಅದು ಅಲ್ಲಿದ್ದ ಮಕ್ಕಳಿಗೂ ಗೊತ್ತು. ಜೆಟ್ಟಿಯಲ್ಲಿ ಒಂದರ ಹಿಂದೊಂದು ಎಂಜಿನ್‌ಗಳ ಬೀಗ ತೆರೆದು ಹಸಿರು ದೀಪ ಹೊತ್ತಿದವು. ಸುಹಾಸ ಹರಕೆಯ ಕಾಯಿಯನ್ನು ಅಮ್ಮನ ಕೈಗೆ ತುರುಕಿ ಓಡಿದ. ಅವನ ಹಿಂದೆ ಎಲ್ಲರೂ ಓಡಿದರು.

ನನ್ನ ಫೋನು ಬಡಿದುಕೊಂಡಿತು. ಕುಲಗೋಡ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನಿಮ್ಮ ಬೋಟ್ ಒಂದೂ ಹೊರಗಿಲ್ಲ! ಅವು ಹೊರಗಿನವ್ರವು! ಮಷೀನು ತಪ್ಪು ಹೇಳಾಕತ್ತೈತಿ, ನೀವು ಏನೋ ಮಾಡೀರಿ! ಬೋಟು ನಿಲ್ಲಸ್ರಿ!"

ಮೊದಲ ಬೋಟು ಅಳಿವೆ ದಾಟುತ್ತಿತ್ತು.

"ಮಷೀನು ಏನಂತೈತಿ, ಅದನ್ನ ಕೇಳ್ರಿ ಸಾಹೇಬ್ರೆ" ಅಂತ ಹೇಳಿ ಫೋನು ಇಟ್ಟೆ.

ಸಂಜೆಯೊಳಗೆ ಬೋಟುಗಳು ಮರಳಿದವು. ಪ್ರತಿಯೊಂದರಲ್ಲೂ ಜನ, ನಮ್ಮವರ ಅಂಗಿ, ನಮ್ಮವರ ಪಂಚೆ ಹೊದ್ದುಕೊಂಡವರು. ಜೆಟ್ಟಿಯಲ್ಲಿ ಜೀಪುಗಳು ಕಾಯುತ್ತಿದ್ದವು. ಬೋಟುಗಳು ಸಾಲಾಗಿ ಬೊಬ್ಬರ್ಯನ ಗುಡಿಯೆದುರು ಬಂದು ನಿಧಾನವಾದವು. ಮೊದಲು ಸುಹಾಸ ಹಾರ್ನ್ ಹಾಕಿದ, ಆಮೇಲೆ ಪಕ್ಕದವನು, ಆಮೇಲೆ ಎಲ್ಲರೂ. ನನ್ನ ಅಣ್ಣ ಒಬ್ಬನೇ ಹಾಕಿ ಜೈಲಿಗೆ ಹೋದ ಆ ಹಾರ್ನನ್ನು ಊರಿಗೆ ಊರೇ ಹಾಕಿತು. ಅಮ್ಮ ಕಿವಿ ಮುಚ್ಚಿಕೊಳ್ಳದೆ ಜೀಪುಗಳ ಕಡೆಗೇ ನೋಡುತ್ತಾ ನಿಂತಿದ್ದಳು.